ಕಾಲಿನ ಟೆಂಡನ್ ನೋವು: ಆಪರೇಷನ್ ಇಲ್ಲದೆ ಮತ್ತೆ ಓಡುವವರೆಗೆ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಹಿಂದೆ ಹಗ್ಗ ಬಿಗಿದು ಕಟ್ಟಿದ ಹಾಗೆ ಅನ್ನಿಸುತ್ತದೆ. ಗೋಡೆ ಹಿಡಿದು ಕುಂಟುತ್ತಾ ಬಚ್ಚಲವರೆಗೆ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಸಂಜೆ ಓಡಲು ಹೊರಟರೆ ಮೊದಲ ಒಂದು ಕಿಲೋಮೀಟರ್ ಚುಚ್ಚುತ್ತದೆ, ಆಮೇಲೆ ನೋವೇ ಇಲ್ಲ. ಸದ್ಯ ಹೋಯ್ತಲ್ಲ ಅಂದುಕೊಳ್ಳುತ್ತೀರಿ. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಡೆ, ಅದೇ ಕುಂಟು.

ನನಗೆ ಇದು ಮೊದಲ ಸಲ ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಮೂರು ವಾರ ಪೂರ್ತಿ ವಿಶ್ರಾಂತಿ. ನೋವು ಹೋಯಿತು. ನಾಲ್ಕನೇ ವಾರ ಮೊದಲಿನಷ್ಟೇ ದೂರ ಓಡಿದೆ. ಎರಡೇ ದಿನದಲ್ಲಿ ನೋವು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು. ವಿಶ್ರಾಂತಿ ನೋವನ್ನು ಸುಮ್ಮನಾಗಿಸುತ್ತದೆ, ಆದರೆ ಟೆಂಡನ್‌ಗೆ ಶಕ್ತಿ ತುಂಬುವುದಿಲ್ಲ. ಅದು ಗಟ್ಟಿಯಾಗುವುದು ಭಾರ ಹೊತ್ತಾಗ ಮಾತ್ರ. ಎಷ್ಟು ಭಾರ, ಯಾವಾಗ, ಎಷ್ಟು ನಿಧಾನ ಅನ್ನುವುದೇ ಚಿಕಿತ್ಸೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಮೊದಲು, ಟೆಂಡನ್ ಅಂದರೆ ಏನು

ನಾವು ಮಾತಿನಲ್ಲಿ ಎಲ್ಲವನ್ನೂ 'ನರ' ಅಂತೀವಿ. 'ನರ ಎಳೆದಿದೆ', 'ನರ ಹಿಡ್ಕೊಂಡಿದೆ'. ಆದರೆ ಹಿಮ್ಮಡಿಯ ಹಿಂದೆ ಬೆರಳಿಗೆ ಸಿಗುವ ಆ ಗಟ್ಟಿ ಹುರಿ ನರವಲ್ಲ. ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್, ಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು. ಹಿಮ್ಮಡಿಯ ಅಕಿಲಿಸ್ ದೇಹದಲ್ಲೇ ಅತಿ ದಪ್ಪದ ಟೆಂಡನ್. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ 6ರಿಂದ 8 ಪಟ್ಟು ಬಲವನ್ನು ಅದು ಹೊರುತ್ತದೆ. ಸ್ಪ್ರಿಂಗ್ ಹಾಗೆ ಹಿಗ್ಗಿ, ಮತ್ತೆ ಕುಗ್ಗಿ ನಮ್ಮನ್ನು ಮುಂದಕ್ಕೆ ಚಿಮ್ಮಿಸುತ್ತದೆ.

ಇಂಥ ಗಟ್ಟಿ ವಸ್ತು ಬದಲಾಗುವುದು ಬಹಳ ನಿಧಾನ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿತ್ತು. ಆ ಗುರುತನ್ನು ಅಕಿಲಿಸ್ ಟೆಂಡನ್‌ನಲ್ಲಿ ಹುಡುಕಿದ ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ಒಂದು ವಿಷಯ ತೋರಿಸಿದರು. ಟೆಂಡನ್‌ನ ಒಳತಿರುಳು ಸುಮಾರು 17 ವರ್ಷದೊಳಗೆ ರೂಪುಗೊಳ್ಳುತ್ತದೆ, ಆಮೇಲೆ ಹೆಚ್ಚೇನೂ ಹೊಸದಾಗುವುದಿಲ್ಲ. ಹಾಗಾಗಿ ಕೆಟ್ಟ ಭಾಗ ಹೋಗಿ ಹೊಸದು ಬರಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಸುತ್ತಲಿನ ಒಳ್ಳೆಯ ಭಾಗವನ್ನು, ಅದನ್ನು ಎಳೆಯುವ ಸ್ನಾಯುವನ್ನು ಬಲಪಡಿಸುವುದೇ ನಮ್ಮ ಕೆಲಸ.

ವೈದ್ಯರು ಹಿಂದೆ ಇದನ್ನು 'ಟೆಂಡಿನೈಟಿಸ್' ಅನ್ನುತ್ತಿದ್ದರು, ಅಂದರೆ ಉರಿಯೂತ. ಈಗ 'ಟೆಂಡಿನೋಪತಿ' ಅನ್ನುತ್ತಾರೆ. ಬಹುಕಾಲದ ನೋವಿನಲ್ಲಿ ಉರಿಯೂತ ಮುಖ್ಯ ಕಾರಣವಲ್ಲ, ತಾಳುವ ಶಕ್ತಿಗಿಂತ ಹೊರೆ ಹೆಚ್ಚಾಗಿರುವುದು ಕಾರಣ. ಬರೀ ಐಸ್ ಇಟ್ಟು, ನೋವಿನ ಮಾತ್ರೆ ನುಂಗಿ ಇದು ಗುಣವಾಗದೇ ಇರುವುದು ಇದಕ್ಕೇ.

ಹಂತ 1: ಇವು ಇದ್ದರೆ ಮನೆಯಲ್ಲಿ ಪ್ರಯೋಗ ಬೇಡ

ಆಡುವಾಗ 'ಟಪ್' ಅಂತ ಶಬ್ದ, ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿ ತಿರುಗಿ ನೋಡಿದರೆ ಯಾರೂ ಇಲ್ಲ. ಇದು ಅಕಿಲಿಸ್ ಹರಿದಾಗಿನ ಅನುಭವ. ಬೋರಲು ಮಲಗಿ ಪಾದವನ್ನು ಮಂಚದ ಅಂಚಿನಿಂದ ಹೊರಗೆ ಬಿಡಿ. ಯಾರಾದರೂ ಮೀನಖಂಡವನ್ನು ಹಿಂಡಲಿ. ಪಾದ ಕೆಳಮುಖವಾಗಿ ಅಲುಗಬೇಕು. ಅಲುಗದಿದ್ದರೆ ಟೆಂಡನ್ ಹರಿದಿರುವ ಸಾಧ್ಯತೆ ಹೆಚ್ಚು, ಅವತ್ತೇ ಆಸ್ಪತ್ರೆಗೆ ಹೋಗಿ. ಅಲುಗಿದರೂ ಆ 'ಟಪ್' ಶಬ್ದ ಕೇಳಿದ್ದರೆ ತೋರಿಸುವುದೇ ಸರಿ.

ಹರಿದ ಅಕಿಲಿಸ್‌ಗೂ ಆಪರೇಷನ್ ಒಂದೇ ದಾರಿ ಅಲ್ಲ. ತಡ ಮಾಡದೆ ಪಾದವನ್ನು ಕೆಳಮುಖವಾಗಿ ಇಡುವ ಪ್ಲಾಸ್ಟರ್ ಅಥವಾ ಬೂಟ್ ಹಾಕಿ, ಹಂತ ಹಂತವಾಗಿ ನಡೆಸುವ ಚಿಕಿತ್ಸೆ ಇದೆ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 526 ಜನರಿದ್ದರು. ಒಂದು ವರ್ಷದ ನಂತರ ಆಪರೇಷನ್ ಆದವರೂ ಆಗದವರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಆದರೆ ಮತ್ತೆ ಹರಿದವರು ಆಪರೇಷನ್ ಇಲ್ಲದವರಲ್ಲಿ ಶೇ 6.2, ಆಪರೇಷನ್ ಆದವರಲ್ಲಿ ಶೇ 0.6. ಇನ್ನೊಂದು ಕಡೆ, ನರಕ್ಕೆ ಪೆಟ್ಟಾದದ್ದು ಆಪರೇಷನ್ ಆದವರಲ್ಲೇ ಜಾಸ್ತಿ. ಎರಡನ್ನೂ ತೂಗಿ ವೈದ್ಯರ ಜೊತೆ ಕೂತು ನಿರ್ಧರಿಸಬೇಕಾದ ವಿಷಯ ಇದು. ಎಷ್ಟು ಬೇಗ ತೋರಿಸುತ್ತೀರೋ ಅಷ್ಟು ಆಯ್ಕೆ ಕೈಯಲ್ಲಿರುತ್ತದೆ.

ಪೆಟ್ಟಾದ ಮೇಲೆ ಕೂತಲ್ಲಿಂದ ಮೊಣಕಾಲನ್ನು ನೇರ ಮಾಡಿ ಎತ್ತಲು ಆಗದಿದ್ದರೂ ತಕ್ಷಣ ಹೋಗಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೂ ತುರ್ತು. ಎರಡೂ ಹಿಮ್ಮಡಿ ನೋವಿದ್ದು, ಬೆಳಿಗ್ಗೆ ಬೆನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿದ್ದರೆ ಅದು ಸಂಧಿವಾತದ ಜಾತಿಯ ಕಾಯಿಲೆ ಇರಬಹುದು.

ಇನ್ನೊಂದು ಮಾತು, ಇದನ್ನು ತುಂಬ ಜನ ಕೇಳಿರುವುದೇ ಇಲ್ಲ. ಸಿಪ್ರೊಫ್ಲೊಕ್ಸಾಸಿನ್, ಲಿವೊಫ್ಲೊಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್‌ಗಳು ಟೆಂಡನ್‌ಗೆ ಹಾನಿ ಮಾಡಬಲ್ಲವು. ಅಮೆರಿಕದ ಔಷಧ ಇಲಾಖೆ 2008ರಲ್ಲೇ ಇವುಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಈ ಮಾತ್ರೆ ಶುರು ಮಾಡಿದ ಮೇಲೆ ನೋವು ಬಂದಿದ್ದರೆ ವ್ಯಾಯಾಮ ನಿಲ್ಲಿಸಿ, ಕೂಡಲೇ ವೈದ್ಯರಿಗೆ ತಿಳಿಸಿ.

ಹಂತ 2: ಒಂದೇ ಬೆರಳಲ್ಲಿ ತೋರಿಸಿ

ಟೆಂಡನ್ ನೋವು ಸಾಮಾನ್ಯವಾಗಿ ಒಂದು ಜಾಗದಲ್ಲಿ ಕೂತಿರುತ್ತದೆ. ಒಂದು ಬೆರಳಿಟ್ಟು ತೋರಿಸಬಹುದು. ಹೊರೆ ಹೆಚ್ಚಿದಂತೆ ನೋವೂ ಹೆಚ್ಚುತ್ತದೆ.

ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ನೋವು, ಸ್ವಲ್ಪ ದಪ್ಪ ಅನ್ನಿಸಿದರೆ ಅಕಿಲಿಸ್‌ನ ನಡುಭಾಗ. ಮೂಳೆಗೆ ಅಂಟುವ ಜಾಗದಲ್ಲೇ ನೋವಿದ್ದರೆ ಅದರ ಬುಡ. ಈ ಎರಡನ್ನು ಬೇರೆ ಮಾಡಿಕೊಳ್ಳುವುದು ಮುಖ್ಯ, ಏಕೆಂದರೆ ವ್ಯಾಯಾಮ ಬೇರೆ. ಮಂಡಿಚಿಪ್ಪಿನ ಕೆಳತುದಿಯಲ್ಲಿ, ಹಾರುವಾಗ ಮತ್ತು ಇಳಿಯುವಾಗ ನೋವಿದ್ದರೆ ಪಟೆಲ್ಲಾರ್ ಟೆಂಡನ್. ಕೂತಾಗ ಕುರ್ಚಿಗೆ ಒತ್ತುವ ಮೂಳೆಯ ಹತ್ತಿರ ನೋವಿದ್ದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಸೊಂಟದ ಪಕ್ಕದ ಉಬ್ಬಿದ ಮೂಳೆಯ ಮೇಲೆ, ಆ ಮಗ್ಗುಲಾಗಿ ಮಲಗಿದರೆ ನೋವಿದ್ದರೆ ಗ್ಲೂಟಿಯಲ್ ಟೆಂಡನ್. ಪಾದದ ಕೀಲಿನ ಒಳಬದಿಯಲ್ಲಿ ನೋವಿದ್ದು, ಅಂಗಾಲಿನ ಕಮಾನು ಇಳಿಯುತ್ತಾ ಬಂದಿದ್ದರೆ ಟಿಬಿಯಾಲಿಸ್ ಪೋಸ್ಟೀರಿಯರ್. ಈ ಕೊನೆಯದನ್ನು ಮುಂದಕ್ಕೆ ಹಾಕಬೇಡಿ, ಪಾದದ ಆಕಾರವೇ ಬದಲಾಗಬಹುದು.

ಸ್ಕ್ಯಾನ್ ಬೇಕಾ? ಬಹಳ ಸಲ ಬೇಕಿಲ್ಲ. ನೋವೇ ಇಲ್ಲದ ಆಟಗಾರರ ಟೆಂಡನ್ ಕೂಡ ಸ್ಕ್ಯಾನ್‌ನಲ್ಲಿ ಕೆಟ್ಟಂತೆ ಕಾಣಬಹುದು. ನೋವು ಹೋದ ಮೇಲೂ ಚಿತ್ರ ಹಾಗೆಯೇ ಉಳಿಯಬಹುದು. ರಿಪೋರ್ಟ್‌ನ ದೊಡ್ಡ ಪದಗಳನ್ನು ನೋಡಿ ಹೆದರಿ ಕಾಲಿಗೆ ಕೆಲಸವನ್ನೇ ಕೊಡದೆ ಕೂತವರನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹಂತ 3: ಹೊರೆ ಇಳಿಸಿ, ಸೊನ್ನೆ ಮಾಡಬೇಡಿ

ಮೊದಲ ಒಂದೆರಡು ವಾರ ಸಿಟ್ಟಿಗೆದ್ದ ಟೆಂಡನ್ ಅನ್ನು ಸಮಾಧಾನ ಮಾಡಬೇಕು. ವೇಗದ ಓಟ, ಹಾರಾಟ, ಗುಡ್ಡ ಹತ್ತಿಳಿಯುವುದು ನಿಲ್ಲಿಸಿ. ನಡಿಗೆ, ಸೈಕಲ್, ಈಜು ಮುಂದುವರಿಸಿ. ಹಿಮ್ಮಡಿ ನೋವಿದ್ದರೆ ಶೂ ಒಳಗೆ ಒಂದು ಸೆಂಟಿಮೀಟರ್ ಎತ್ತರದ ಹೀಲ್ ಪ್ಯಾಡ್ ಹಾಕಿಕೊಳ್ಳಿ, ಎಳೆತ ಕಡಿಮೆಯಾಗುತ್ತದೆ. ಎರಡೂ ಕಾಲಿಗೆ ಹಾಕಿ.

ಇಲ್ಲಿಂದ ಕೊನೆಯವರೆಗೆ ಒಂದೇ ಅಳತೆಗೋಲು. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮದ ವೇಳೆ 3ರ ತನಕ ನಿಶ್ಚಿಂತೆ. ಅಕಿಲಿಸ್‌ಗೆ ಸ್ವೀಡನ್‌ನಲ್ಲಿ ರೂಪಿಸಿದ ಕ್ರಮದಲ್ಲಿ 5ರವರೆಗೂ ಅವಕಾಶವಿದೆ. ಆದರೆ ಮರುದಿನ ಬೆಳಿಗ್ಗೆಯ ಹೊತ್ತಿಗೆ ನೋವು ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಟೆಂಡನ್ ವ್ಯಾಯಾಮದ ವೇಳೆ ಸುಮ್ಮನಿದ್ದು ಮರುದಿನ ಮಾತಾಡುವ ಸ್ವಭಾವದ್ದು. ಅದಕ್ಕೇ ಓಡುವಾಗ ನೋವಿರಲಿಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಾಸಿಗೆಯ ಪಕ್ಕ ಒಂದು ಪುಸ್ತಕ ಇಡಿ. ದಿನಾ ಬೆಳಿಗ್ಗೆ ಮೊದಲ ಹತ್ತು ಹೆಜ್ಜೆಗೆ ಎಷ್ಟು ಅಂಕ ಅಂತ ಬರೆಯಿರಿ, ಪಕ್ಕದಲ್ಲಿ ಹಿಂದಿನ ದಿನ ಏನು ಮಾಡಿದಿರಿ ಅಂತ. ಎರಡು ವಾರದಲ್ಲಿ ನಿಮ್ಮ ಟೆಂಡನ್‌ಗೆ ಯಾವುದು ಆಗಿಬರುವುದಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಹಿಗ್ಗಿಸುವ ಸ್ಟ್ರೆಚಿಂಗ್ ಸದ್ಯಕ್ಕೆ ಬೇಡ. ಬಿಗಿ ಅನ್ನಿಸಿದರೆ ಎಳೆಯಬೇಕು ಅನ್ನಿಸುವುದು ಸಹಜ, ಅಲ್ವಾ? ಆದರೆ ಅಕಿಲಿಸ್‌ನ ಬುಡ, ಹ್ಯಾಮ್‌ಸ್ಟ್ರಿಂಗ್ ಮತ್ತು ಸೊಂಟದ ಟೆಂಡನ್‌ಗಳು ಎಳೆದಾಗ ಮೂಳೆಗೆ ಒತ್ತಿ ಇನ್ನಷ್ಟು ಕೆರಳುತ್ತವೆ.

ಹಂತ 4: ಅಲುಗದೆ ಹಿಡಿಯುವುದು

ನೋವು ಜಾಸ್ತಿ ಇರುವವರು ಇಲ್ಲಿಂದ ಶುರು ಮಾಡಿ. ಅಕಿಲಿಸ್‌ಗಾದರೆ ತುದಿಗಾಲಲ್ಲಿ ಅರ್ಧ ಎದ್ದು ಹಾಗೇ ನಿಲ್ಲುವುದು. ಮಂಡಿಗಾದರೆ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯ ಹಾಗೆ ಕೂರುವುದು, ಅಥವಾ ಜಿಮ್‌ನ ಲೆಗ್ ಎಕ್ಸ್‌ಟೆನ್ಶನ್ ಯಂತ್ರದಲ್ಲಿ ಕಾಲು ಚಾಚಿ ಹಿಡಿಯುವುದು. 45 ಸೆಕೆಂಡ್ ಹಿಡಿಯಿರಿ, ಎರಡು ನಿಮಿಷ ಬಿಡಿ, ಹೀಗೆ ಐದು ಸಲ. ಕೆಲವರಿಗೆ ನೋವು ತಕ್ಷಣ ಇಳಿಯುತ್ತದೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಅನ್ನಿಸದಿದ್ದರೆ ಬೇಸರ ಬೇಡ, ಮುಂದಿನ ಹಂತಕ್ಕೆ ಹೋಗಿ.

ಹಂತ 5: ನಿಧಾನ, ಭಾರ, 12 ವಾರ

ಇದೇ ಚಿಕಿತ್ಸೆಯ ಹೃದಯ. ಸ್ವೀಡನ್‌ನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೆ ಸ್ವತಃ ಅಕಿಲಿಸ್ ನೋವಿತ್ತು. ಆಪರೇಷನ್ ಮಾಡಿ ಅಂದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಆಪರೇಷನ್ ಮಾಡಲೇಬೇಕಾಗುವಷ್ಟು ಕೆಡಿಸಿಕೊಳ್ಳುತ್ತೇನೆ ಅಂತ ನೋಯುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿ ಇಳಿಸತೊಡಗಿದರು. ಕೆಡುವ ಬದಲು ನೋವೇ ಹೋಯಿತು! 1998ರಲ್ಲಿ ಅವರು 15 ಜನ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಈ ಕ್ರಮದ ಫಲಿತಾಂಶ ಪ್ರಕಟಿಸಿದರು. ಮೊಣಕಾಲು ನೇರ ಇಟ್ಟು 15ರ ಮೂರು ಸುತ್ತು, ಮಡಚಿ 15ರ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ದಿನಕ್ಕೆ 180 ಸಲ.

ಇಷ್ಟು ದಿನಾ ಮಾಡುವುದು ಕಷ್ಟ. ಡೆನ್ಮಾರ್ಕ್‌ನಲ್ಲಿ ಇದನ್ನು ವಾರಕ್ಕೆ ಮೂರೇ ದಿನ ಮಾಡುವ ಭಾರದ ವ್ಯಾಯಾಮದ ಜೊತೆ ಹೋಲಿಸಿ ನೋಡಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಸಮ. ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಜನ ಅದನ್ನು ಮಧ್ಯದಲ್ಲಿ ಬಿಡುವುದು ಕಡಿಮೆ. ಇನ್ನೂ ಒಂದು ಕಾರಣ ಇದೆ. ಗಟ್ಟಿಯಾದ ವ್ಯಾಯಾಮ ಆದ ಮೊದಲ ಒಂದು, ಒಂದೂವರೆ ದಿನ ಟೆಂಡನ್‌ನಲ್ಲಿ ಕಟ್ಟುವುದಕ್ಕಿಂತ ಸವೆಯುವುದು ಜಾಸ್ತಿ, ಆಮೇಲೆ ಕಟ್ಟುವ ಕೆಲಸ ಮೇಲಾಗುತ್ತದೆ. ನಡುವೆ ಒಂದು ದಿನ ಬಿಡುವು ಇರುವುದು ಟೆಂಡನ್‌ಗೆ ಹೊಂದುತ್ತದೆ.

ಭಾರ ಹೀಗೆ ಏರಿಸಿ. ಮೊದಲ ವಾರ 15 ಸಲ ಎತ್ತಲು ಆಗಿ 16ನೆಯದು ಆಗದಷ್ಟು ಭಾರ. 2 ಮತ್ತು 3ನೇ ವಾರ 12 ಸಲದ ಭಾರ. 4 ಮತ್ತು 5ರಲ್ಲಿ 10 ಸಲದ್ದು. 6ರಿಂದ 8ರವರೆಗೆ 8 ಸಲದ್ದು. 9ರಿಂದ 12ರವರೆಗೆ 6 ಸಲದ್ದು. ಪ್ರತಿ ವ್ಯಾಯಾಮಕ್ಕೆ ಮೂರು ನಾಲ್ಕು ಸುತ್ತು, ಸುತ್ತುಗಳ ನಡುವೆ ಎರಡು ಮೂರು ನಿಮಿಷ. ಏರಲು ಮೂರು ಸೆಕೆಂಡ್, ಇಳಿಯಲು ಮೂರು ಸೆಕೆಂಡ್.

ಅಕಿಲಿಸ್‌ನ ವ್ಯಾಯಾಮವೊಂದನ್ನು ಹತ್ತಿರದಿಂದ ನೋಡೋಣ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು ನಿಲ್ಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಗೋಡೆಯನ್ನು ಎರಡು ಬೆರಳಲ್ಲಿ ಮುಟ್ಟಿ, ಬರೀ ಸಮತೋಲನಕ್ಕೆ. ಹೆಬ್ಬೆರಳಿನ ಬುಡದ ಮೇಲೆ ಭಾರ ಬರಲಿ, ಪಾದ ಹೊರಗೆ ವಾಲಬಾರದು. ಒಂದು, ಎರಡು, ಮೂರು ಎಣಿಸುತ್ತಾ ಪೂರ್ತಿ ಮೇಲೆ ಏಳಿ. ಮೇಲೆ ಒಂದು ಕ್ಷಣ ನಿಲ್ಲಿ. ಮತ್ತೆ ಮೂರು ಎಣಿಸುತ್ತಾ ಮೆಟ್ಟಿಲಿಗಿಂತ ಕೆಳಗೆ ಇಳಿಯಿರಿ. ತಳದಲ್ಲಿ ಚಿಮ್ಮಬೇಡಿ. ಸುಸ್ತಾದಾಗ ದೇಹ ಮೋಸ ಮಾಡುತ್ತದೆ: ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ, ಎರಡು ಬೆರಳು ಪೂರ್ತಿ ಕೈಯಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ಅಲ್ಲಿಗೆ ಆ ಸುತ್ತು ಮುಗಿಸಿ. ಎರಡು ಕಾಲಲ್ಲಿ ಸುಲಭವಾದರೆ ಒಂದು ಕಾಲು, ಅದೂ ಸುಲಭವಾದರೆ ಬೆನ್ನಿಗೆ ಬ್ಯಾಗ್. ಬ್ಯಾಗ್‌ನಲ್ಲಿ ನೀರಿನ ಬಾಟಲಿ ತುಂಬಿದರೆ ಲೆಕ್ಕ ಸುಲಭ, ಒಂದು ಲೀಟರ್ ಅಂದರೆ ಒಂದು ಕೆಜಿ. ಮೊಣಕಾಲು ಮಡಚಿ ಮಾಡುವುದನ್ನೂ ಬಿಡಬೇಡಿ. ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ ಕೆಲಸ ಕೊಡುವುದು ಅದೇ, ಓಟದಲ್ಲಿ ಹೆಚ್ಚಿನ ಹೊರೆ ಹೊರುವುದೂ ಅದೇ.

ಅಕಿಲಿಸ್‌ನ ಬುಡದಲ್ಲಿ ನೋವಿರುವವರು ಮೆಟ್ಟಿಲ ಮೇಲೆ ಮಾಡಬೇಡಿ. ನೆಲದ ಮೇಲೆಯೇ ಮಾಡಿ, ಹಿಮ್ಮಡಿ ನೆಲಕ್ಕಿಂತ ಕೆಳಗೆ ಹೋಗಬಾರದು.

ಪಟೆಲ್ಲಾರ್‌ಗೆ ಲೆಗ್ ಪ್ರೆಸ್ (ಜಿಮ್ ಯಂತ್ರದಲ್ಲಿ ಕಾಲಿಂದ ಭಾರ ತಳ್ಳುವುದು) ಮತ್ತು ಬಸ್ಕಿ, ಇದೇ ನಿಧಾನದಲ್ಲಿ, ಇದೇ ಏರಿಕೆಯಲ್ಲಿ. ಶುರುವಿನಲ್ಲಿ ನೋವು ತಾಳುವಷ್ಟೇ ಕೆಳಗೆ ಕೂರಿ. ಹ್ಯಾಮ್‌ಸ್ಟ್ರಿಂಗ್‌ಗೆ ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಆಮೇಲೆ ಒಂದೇ ಕಾಲಲ್ಲಿ. ಮುಂದಕ್ಕೆ ಬಾಗಿ ಭಾರ ಎತ್ತುವುದನ್ನು ತಡವಾಗಿ ಸೇರಿಸಿ.

ಸೊಂಟದ ಪಕ್ಕದ ನೋವಿನಲ್ಲಿ ದಿನವಿಡೀ ಹೇಗೆ ಇರುತ್ತೀರಿ ಅನ್ನುವುದು ವ್ಯಾಯಾಮದಷ್ಟೇ ಮುಖ್ಯ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ವಾಲಿಸಿ ನಿಲ್ಲುವುದು, ಇವನ್ನು ಬಿಡಿ. ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಡಿ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ವಾರದ ನಂತರ ಸುಧಾರಿಸಿದವರು ಈ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ಹತ್ತಕ್ಕೆ ಸುಮಾರು ಎಂಟು, ಸ್ಟಿರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಆರು, ಸುಮ್ನೆ ಕಾದವರಲ್ಲಿ ಮೂರು.

ಹಂತ 6: ಸ್ಪ್ರಿಂಗ್ ವಾಪಸ್ ತರುವುದು

ಬಲ ಬಂದ ಮಾತ್ರಕ್ಕೆ ಓಡಬಹುದು ಅಂತಲ್ಲ. ಹೆಚ್ಚಿನವರು ಮತ್ತೆ ಬೀಳುವುದು ಇಲ್ಲೇ. ನಿಧಾನದ ಭಾರಕ್ಕೂ ಓಟದ ಚಿಮ್ಮುವಿಕೆಗೂ ತುಂಬ ವ್ಯತ್ಯಾಸ ಇದೆ.

ಮುಂದೆ ಹೋಗುವ ಮೊದಲು ಮೂರು ಪರೀಕ್ಷೆ. ಅರ್ಧ ಗಂಟೆ ಬಿರುಸು ನಡಿಗೆಗೆ ಮರುದಿನ ಬೆಳಿಗ್ಗೆ ತಕರಾರು ಇರಬಾರದು. ಒಂದೇ ಕಾಲಲ್ಲಿ ಪೂರ್ತಿ ಎತ್ತರಕ್ಕೆ 20ರಿಂದ 25 ಸಲ ಏಳಬೇಕು, ಇಲ್ಲವೇ ಒಳ್ಳೆಯ ಕಾಲಿನಷ್ಟೇ ಏಳಬೇಕು. ನಿಂತಲ್ಲೇ ಎರಡು ಕಾಲಲ್ಲಿ 20 ಸಣ್ಣ ಜಿಗಿತಕ್ಕೆ ನೋವು 3 ದಾಟಬಾರದು.

ಆಮೇಲೆ ವಾರಕ್ಕೆ ಎರಡು ದಿನ, ನಡುವೆ ಎರಡು ಮೂರು ದಿನ ಅಂತರವಿಟ್ಟು ಸ್ಕಿಪ್ಪಿಂಗ್ ಅಥವಾ ಸಣ್ಣ ಜಿಗಿತ. ಮೊದಲು 20ರ ಮೂರು ಸುತ್ತು. ಎರಡು ವಾರ ಬೆಳಗಿನ ಅಂಕ ಏರದಿದ್ದರೆ ಒಂದು ಕಾಲಿನ ಜಿಗಿತ, ಪಕ್ಕಕ್ಕೆ ಜಿಗಿತ. ಭಾರದ ವ್ಯಾಯಾಮ ಜೊತೆಯಲ್ಲೇ ನಡೆಯಲಿ.

ಹಂತ 7: ಓಟ

ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ದಿನ ಬಿಟ್ಟು ದಿನ, ಸಮತಟ್ಟು ದಾರಿಯಲ್ಲಿ. ಬೆಳಗಿನ ಅಂಕ ಹಾಗೇ ಇದ್ದರೆ ಓಟದ ನಿಮಿಷ ಏರಿಸಿ, ನಡಿಗೆ ಇಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ದೂರ, ಆಮೇಲೆ ವೇಗ, ಕೊನೆಗೆ ಏರುದಾರಿ. ಹಾರುವ ಆಟ ಆಡುವವರು ಪೂರ್ತಿ ಪಂದ್ಯಕ್ಕೆ ಇಳಿಯುವ ಮೊದಲು ಕೆಲವು ವಾರ ಅಭ್ಯಾಸದ ಆಟವಾಡಿ.

ಇಂಜೆಕ್ಷನ್, ಶಾಕ್‌ವೇವ್, ಮಿಕ್ಕಿದ್ದು

ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಆ ಆರಾಮ ಬಹಳ ಕಾಲ ಉಳಿಯುವುದಿಲ್ಲ. ಅಕಿಲಿಸ್ ಮತ್ತು ಪಟೆಲ್ಲಾರ್‌ಗೆ ಹಾಕಿಸಿದರೆ ಹರಿಯುವ ಅಪಾಯವೂ ಇದೆ, ನಾನಂತೂ ಬೇಡ ಅಂತೀನಿ. ನಮ್ಮದೇ ರಕ್ತದಿಂದ ತೆಗೆದು ಹಾಕುವ ಪಿಆರ್‌ಪಿ ದುಬಾರಿ. ಬ್ರಿಟನ್‌ನಲ್ಲಿ ಅಕಿಲಿಸ್ ನೋವಿನ 240 ಜನರ ಮೇಲೆ ನಡೆದು 2021ರಲ್ಲಿ ಬಂದ ಅಧ್ಯಯನದಲ್ಲಿ ಅದು ಹುಸಿ ಇಂಜೆಕ್ಷನ್‌ಗಿಂತ ಮೇಲಾಗಲಿಲ್ಲ. ಶಾಕ್‌ವೇವ್, ಅಂದರೆ ನೋಯುವ ಜಾಗಕ್ಕೆ ಯಂತ್ರದಿಂದ ಒತ್ತಡದ ಅಲೆ ಬಿಡುವುದು, ವ್ಯಾಯಾಮದ ಜೊತೆಗೆ ಕೆಲವರಿಗೆ ಸಹಾಯ ಮಾಡುತ್ತದೆ, ವ್ಯಾಯಾಮದ ಬದಲಿಗೆ ಅಲ್ಲ. ಮಸಾಜ್, ಟೇಪ್ ಹಿತ ಅನ್ನಿಸಿದರೆ ಮಾಡಿಸಿ.

ಎಷ್ಟು ದಿನ ಬೇಕು?

ಕಡಿಮೆ ಅಂದರೂ ಮೂರು ತಿಂಗಳು. ಹಳೆಯ ನೋವಾದರೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಸ್ವೀಡನ್‌ನಲ್ಲಿ ಬರೀ ವ್ಯಾಯಾಮದಿಂದ ಅಕಿಲಿಸ್ ಚಿಕಿತ್ಸೆ ಪಡೆದ 34 ಜನರನ್ನು ಐದು ವರ್ಷದ ನಂತರ ನೋಡಿದಾಗ ಶೇ 80ರಷ್ಟು ಜನ ಪೂರ್ತಿ ಗುಣವಾಗಿದ್ದರು. 12 ವಾರ ನಿಷ್ಠೆಯಿಂದ ಮಾಡಿಯೂ ಅಂಕ ಒಂದಿಷ್ಟೂ ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಕ್ರೀಡಾ ವೈದ್ಯರಿಗೆ ತೋರಿಸಿ. ಭಾರ ಸಾಲದೆ ಇರಬಹುದು, ಟೆಂಡನ್ ಬೇರೆಯದೇ ಇರಬಹುದು. ಸಕ್ಕರೆ ಕಾಯಿಲೆ, ಹೆಚ್ಚಿನ ಕೊಲೆಸ್ಟ್ರಾಲ್ ಕೂಡ ಟೆಂಡನ್ ಅನ್ನು ಕೆಡಿಸುತ್ತವೆ, ಅವನ್ನೂ ಪರೀಕ್ಷೆ ಮಾಡಿಸಿ.

ಗುಣವಾದ ಮೇಲೂ ಭಾರದ ವ್ಯಾಯಾಮ ವಾರಕ್ಕೆ ಎರಡು ದಿನ ಇರಲಿ. ಮಧ್ಯೆ ಯಾವತ್ತಾದರೂ ಬೆಳಗಿನ ಅಂಕ ಜಿಗಿದರೆ ಗಾಬರಿ ಬೇಡ. ಜಿಗಿತ ಮತ್ತು ಓಟ ಮೂರು ನಾಲ್ಕು ದಿನ ನಿಲ್ಲಿಸಿ, ಭಾರವನ್ನು ಅರ್ಧಕ್ಕೆ ಇಳಿಸಿ, ಆದರೆ ವ್ಯಾಯಾಮ ಪೂರ್ತಿ ಬಿಡಬೇಡಿ. ಅಂಕ ಹಳೆಯ ಜಾಗಕ್ಕೆ ಇಳಿದ ಮೇಲೆ, ಕೆಡುವ ಮೊದಲಿನ ವಾರ ಮಾಡಿದ್ದರ ಮುಕ್ಕಾಲು ಪಾಲಿನಿಂದ ಮತ್ತೆ ಶುರು ಮಾಡಿ.